ಆಕಾಶದ ಕಡತ ತೆರೆದಿದೆ, ಓದುವವರು ಬೇಕಾಗಿದ್ದಾರೆ

ಬೆಂಗಳೂರಿನ ಉತ್ತರ ಭಾಗದ ಅಬ್ಬಿಗೆರೆಯಲ್ಲಿ ರಾತ್ರಿ ಹೊತ್ತು ತಾರಸಿ ಏರಿ ನಿಂತರೆ ಕಾಣುವ ನಕ್ಷತ್ರಗಳನ್ನು ಬೆರಳೆಣಿಕೆಯಲ್ಲಿ ಮುಗಿಸಿಬಿಡಬಹುದು. ಒಂದು ಬದಿಗೆ ಪೀಣ್ಯದ ಕಾರ್ಖಾನೆಗಳ ದೀಪ, ಇನ್ನೊಂದು ಬದಿಗೆ ಜಾಲಹಳ್ಳಿಯ ಬಡಾವಣೆಗಳ ಬೆಳಕು, ಇವೆರಡರ ನಡುವೆ ಧೂಳು. ಇಲ್ಲಿ ಹುಟ್ಟಿ ಬೆಳೆಯುವ ಮಕ್ಕಳಿಗೆ ಆಕಾಶಗಂಗೆ ಎಂಬುದು ಪಠ್ಯಪುಸ್ತಕದ ಚಿತ್ರ ಮಾತ್ರ. ದೂರದರ್ಶಕ ಕೊಂಡು ತಂದರೂ ಚಂದ್ರ, ಗುರು, ಶನಿಗಳಾಚೆಗೆ ಹೆಚ್ಚೇನೂ ಕಾಣದು.

ಆದರೆ ಇದೇ ಅಬ್ಬಿಗೆರೆಯಿಂದ ಕೆಲವೇ ಕಿಲೋಮೀಟರ್ ದೂರದಲ್ಲಿ, ಪೀಣ್ಯ ಕೈಗಾರಿಕಾ ಪ್ರದೇಶದ ಎರಡನೇ ಹಂತದಲ್ಲಿ, ಬಾಹ್ಯಾಕಾಶದೊಡನೆ ಹಗಲಿರುಳು ಮಾತನಾಡುವ ಕಚೇರಿಯೊಂದಿದೆ. ಅದು ಭಾರತೀಯ ಬಾಹ್ಯಾಕಾಶ ಸಂಶೋಧನಾ ಸಂಸ್ಥೆಯ (ಇಸ್ರೋ) ಉಪಗ್ರಹ ನಿಯಂತ್ರಣ ಜಾಲವಾದ ‘ಇಸ್ಟ್ರ್ಯಾಕ್’ನ ಕೇಂದ್ರ. 2023ರ ಆಗಸ್ಟ್ 23ರ ಸಂಜೆ ‘ಚಂದ್ರಯಾನ-3’ರ ವಿಕ್ರಂ ನೌಕೆ ಚಂದ್ರನ ಮೇಲೆ ಇಳಿದಾಗ ದೇಶವೆಲ್ಲ ದೂರದರ್ಶನದಲ್ಲಿ ನೋಡಿದ ಆ ನಿಯಂತ್ರಣ ಕೊಠಡಿ ಇರುವುದು ಇಲ್ಲಿಯೇ. ಕಾರ್ಖಾನೆಗೆ ಹೋಗುವ ನೌಕರರನ್ನು ತುಂಬಿಕೊಂಡ ಬಸ್ಸುಗಳು ದಿನವೂ ಅದರ ಆಸುಪಾಸಿನಲ್ಲೇ ಹಾದುಹೋಗುತ್ತವೆ.

ಆ ಸಂಜೆಯ ಚಪ್ಪಾಳೆ ಮುಗಿದ ಮೇಲೆ ಏನಾಗುತ್ತದೆ ಎಂಬುದನ್ನು ಕೇಳುವವರು ಕಡಿಮೆ. ಉಪಗ್ರಹಗಳು, ನೌಕೆಗಳು, ದೂರದರ್ಶಕಗಳು ಕಳುಹಿಸುವ ರಾಶಿ ರಾಶಿ ದತ್ತಾಂಶ ಎಲ್ಲಿ ಸೇರುತ್ತದೆ? ಅದು ವಿಜ್ಞಾನಿಗಳ ಸ್ವತ್ತೇ, ಸಾರ್ವಜನಿಕರ ಸ್ವತ್ತೇ? ಅಬ್ಬಿಗೆರೆಯ ಪದವಿ ವಿದ್ಯಾರ್ಥಿಯೊಬ್ಬಳು ಅದನ್ನು ತನ್ನ ಗಣಕಯಂತ್ರಕ್ಕೆ ಇಳಿಸಿಕೊಂಡು ಅಧ್ಯಯನ ಮಾಡಬಹುದೇ?

ಮಾಡಬಹುದು. ಅದಕ್ಕೆ ಹಣ ಕೊಡಬೇಕಾಗಿಲ್ಲ. ಆದರೆ ಬಾಗಿಲು ತೆರೆದಿದೆ ಎಂಬ ಸಂಗತಿಯೇ ನಮ್ಮ ಬಹುತೇಕ ಕಾಲೇಜುಗಳನ್ನು ತಲುಪಿಲ್ಲ. ಈ ವ್ಯವಸ್ಥೆ ಹೇಗೆ ಕೆಲಸ ಮಾಡುತ್ತದೆ, ಅದರಿಂದ ಆಗಿರುವ ಲಾಭವೇನು, ಎದುರಾಗುವ ಅಡ್ಡಿಗಳೇನು ಎಂಬುದರ ವಿವರ ಇಲ್ಲಿದೆ.

ಪೀಣ್ಯದಿಂದ ಬ್ಯಾಲಾಳುವಿಗೆ

ಬೆಂಗಳೂರಿನಿಂದ ಸುಮಾರು 40 ಕಿಲೋಮೀಟರ್ ದೂರದಲ್ಲಿ ಬ್ಯಾಲಾಳು ಎಂಬ ಹಳ್ಳಿಯಿದೆ. ಬಟ್ಟಲಿನಂತೆ ತಗ್ಗಾದ ಇಲ್ಲಿನ ನೆಲ ಸುತ್ತಲಿನ ರೇಡಿಯೋ ಗದ್ದಲವನ್ನು ತಡೆಯುತ್ತದೆ ಎಂಬ ಕಾರಣಕ್ಕೆ ಇಸ್ರೋ ತನ್ನ ದೂರ ಅಂತರಿಕ್ಷ ಸಂಪರ್ಕ ಕೇಂದ್ರವನ್ನು ಇಲ್ಲಿ ಸ್ಥಾಪಿಸಿತು. 2008ರ ಅಕ್ಟೋಬರ್ 22ರಂದು ‘ಚಂದ್ರಯಾನ-1’ ಹಾರುವ ಕೆಲವೇ ದಿನಗಳ ಮುನ್ನ ಈ ಕೇಂದ್ರ ಉದ್ಘಾಟನೆಗೊಂಡಿತು. 32 ಮೀಟರ್ ಮತ್ತು 18 ಮೀಟರ್ ವ್ಯಾಸದ ಎರಡು ಬೃಹತ್ ಆಂಟೆನಾಗಳು ಆಗ ಇಲ್ಲಿ ತಲೆಯೆತ್ತಿದವು.

ಆಂಟೆನಾಗಳಷ್ಟು ಜನರ ಕಣ್ಣಿಗೆ ಬೀಳದ ಇನ್ನೊಂದು ಕಟ್ಟಡವೂ ಅದೇ ಆವರಣದಲ್ಲಿದೆ. ಅದು ಭಾರತೀಯ ಬಾಹ್ಯಾಕಾಶ ವಿಜ್ಞಾನ ದತ್ತಾಂಶ ಕೇಂದ್ರ. ಇಸ್ರೋದ ವೈಜ್ಞಾನಿಕ ಯಾನಗಳ ದತ್ತಾಂಶವನ್ನೆಲ್ಲ ಸಂಸ್ಕರಿಸಿ, ಜೋಡಿಸಿಟ್ಟು, ವಿತರಿಸುವ ಹೊಣೆ ಇದರದ್ದು. ಚಂದ್ರಯಾನ, ಮಂಗಳಯಾನ, ಆಸ್ಟ್ರೋಸ್ಯಾಟ್, ಆದಿತ್ಯ-ಎಲ್1 ಮುಂತಾದ ಯಾನಗಳ ಕಡತಗಳು ಸೇರುವ ಕಣಜ ಇದು.

ಆಸ್ಟ್ರೋಸ್ಯಾಟ್‌ನ ಉದಾಹರಣೆಯನ್ನು ತೆಗೆದುಕೊಳ್ಳೋಣ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಹಾರಿದ ಇದು ಖಗೋಳ ವೀಕ್ಷಣೆಗೆಂದೇ ಮೀಸಲಾದ ಭಾರತದ ಮೊದಲ ಉಪಗ್ರಹ. ಭೂಮಿಯಿಂದ 650 ಕಿಲೋಮೀಟರ್ ಎತ್ತರದಲ್ಲಿ ಸುತ್ತುವ ಇದರಲ್ಲಿ ನೇರಳಾತೀತ ಮತ್ತು ಕ್ಷ-ಕಿರಣಗಳನ್ನು ಗ್ರಹಿಸುವ ಉಪಕರಣಗಳಿವೆ. ದಿನಕ್ಕೆ 14 ಸುತ್ತು ಹಾಕುವ ಉಪಗ್ರಹ ಅವುಗಳಲ್ಲಿ 10ರಲ್ಲಿ ಬೆಂಗಳೂರಿನ ಕೇಂದ್ರದ ಕಣ್ಣಿಗೆ ಬೀಳುತ್ತದೆ. ಆಗ ತಾನು ಕೂಡಿಟ್ಟುಕೊಂಡದ್ದನ್ನು ಕೆಳಗಿಳಿಸುತ್ತದೆ. ದಿನಕ್ಕೆ 420 ಗಿಗಾಬಿಟ್‌ಗಳಷ್ಟು, ಅಂದರೆ ಸುಮಾರು 50 ಗಿಗಾಬೈಟ್‌ನಷ್ಟು ದತ್ತಾಂಶ ಸಂಗ್ರಹಿಸುವ ಸಾಮರ್ಥ್ಯ ಇದಕ್ಕಿದೆ. ಪೀಣ್ಯದ ಕೇಂದ್ರ ಉಪಗ್ರಹದ ಚಾಲನೆಯನ್ನು ನೋಡಿಕೊಂಡರೆ, ದತ್ತಾಂಶವನ್ನು ಬಳಕೆಗೆ ಸಿದ್ಧಗೊಳಿಸುವ ಕೆಲಸ ಬ್ಯಾಲಾಳುವಿನದು.

ಚಿತ್ರವಲ್ಲ, ಅಂಕಿಗಳ ಕೋಷ್ಟಕ

ದತ್ತಾಂಶ ಎಂದೊಡನೆ ಬಣ್ಣಬಣ್ಣದ ನೀಹಾರಿಕೆಗಳ ಚಿತ್ರ ಕಣ್ಮುಂದೆ ಬರುವುದು ಸಹಜ. ವಾಸ್ತವದಲ್ಲಿ ವಿಜ್ಞಾನಿಯ ಕೈಗೆ ಬರುವುದು ಅಂಕಿಗಳ ಒಂದು ಕೋಷ್ಟಕ. ದೂರದರ್ಶಕದ ಸಂವೇದಕವು ಸಾವಿರಾರು ಅಡ್ಡ ಸಾಲು, ಸಾವಿರಾರು ಉದ್ದ ಸಾಲುಗಳ ಚೌಕುಳಿ. ಪ್ರತಿ ಮನೆಯಲ್ಲೂ ಎಷ್ಟು ಬೆಳಕು ಬಿತ್ತು ಎಂಬುದು ಒಂದು ಸಂಖ್ಯೆಯಾಗಿ ದಾಖಲಾಗುತ್ತದೆ. ಕ್ಷ-ಕಿರಣ ಉಪಕರಣಗಳಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಪ್ರತಿಯೊಂದು ಕಿರಣ ಕಣವೂ ಎಷ್ಟು ಹೊತ್ತಿಗೆ, ಎಷ್ಟು ಶಕ್ತಿಯೊಂದಿಗೆ ಬಂದಿತು ಎಂಬುದನ್ನು ಬರೆದಿಡಲಾಗುತ್ತದೆ.

ಈ ಅಂಕಿಗಳನ್ನು ಬೇರೆ ಬೇರೆ ದೇಶಗಳ ವಿಜ್ಞಾನಿಗಳು ಬೇರೆ ಬೇರೆ ರೀತಿಯಲ್ಲಿ ಬರೆದಿಟ್ಟರೆ ಒಬ್ಬರದು ಇನ್ನೊಬ್ಬರಿಗೆ ಅರ್ಥವಾಗದು. ಈ ಸಮಸ್ಯೆಗೆ 1981ರಲ್ಲಿ ಪರಿಹಾರವೊಂದು ಪ್ರಕಟವಾಯಿತು. ‘ಫಿಟ್ಸ್’ ಎಂಬ ಹೆಸರಿನ ಈ ಕಡತ ಮಾದರಿಯನ್ನು ಮರುವರ್ಷ ಅಂತಾರಾಷ್ಟ್ರೀಯ ಖಗೋಳ ಒಕ್ಕೂಟ ಅನುಮೋದಿಸಿತು. ಇದರ ವಿಶೇಷವೆಂದರೆ ಅಂಕಿಗಳ ಜೊತೆಗೇ ಕಡತದ ತಲೆಬರಹದಲ್ಲಿ ಎಲ್ಲ ವಿವರವೂ ಸರಳ ಅಕ್ಷರಗಳಲ್ಲಿ ಇರುತ್ತದೆ: ಯಾವ ದೂರದರ್ಶಕ, ಯಾವ ದಿನ, ಎಷ್ಟು ಹೊತ್ತಿನ ವೀಕ್ಷಣೆ, ಆಕಾಶದ ಯಾವ ದಿಕ್ಕು, ಯಾವ ಶೋಧಕ. ನಲವತ್ತು ವರ್ಷ ಕಳೆದರೂ ಹಳೆಯ ಕಡತಗಳನ್ನು ಇಂದಿನ ತಂತ್ರಾಂಶ ಓದುತ್ತದೆ. ಮುಂದೆ ನೂರು ವರ್ಷ ಬಾಳಲಿ ಎಂಬ ಉದ್ದೇಶದಿಂದ ವ್ಯಾಟಿಕನ್ ಗ್ರಂಥಾಲಯವು ತನ್ನ ಪ್ರಾಚೀನ ಹಸ್ತಪ್ರತಿಗಳ ಚಿತ್ರಗಳನ್ನು ಕೂಡ ಇದೇ ಮಾದರಿಯಲ್ಲಿ ಉಳಿಸುತ್ತಿದೆ. ಗ್ರಹಯಾನಗಳ ದತ್ತಾಂಶಕ್ಕೆ ನಾಸಾ ರೂಪಿಸಿದ ‘ಪಿಡಿಎಸ್’ ಎಂಬ ಇನ್ನೊಂದು ಮಾನದಂಡವಿದ್ದು, ಚಂದ್ರಯಾನದ ಕಡತಗಳು ಅದನ್ನು ಅನುಸರಿಸುತ್ತವೆ.

ದತ್ತಾಂಶಕ್ಕೆ ಹಂತಗಳಿವೆ ಎಂಬುದನ್ನೂ ತಿಳಿದಿರಬೇಕು. ಉಪಗ್ರಹದಿಂದ ಬಂದ ಹಸಿ ರೂಪ ಮೊದಲನೆಯದು. ಅದನ್ನು ಉಪಕರಣವಾರು ಬೇರ್ಪಡಿಸಿ, ಕಾಲ ಮತ್ತು ದಿಕ್ಕಿನ ವಿವರ ಸೇರಿಸಿದ್ದು ಮುಂದಿನ ಹಂತ. ಉಪಕರಣದ ದೋಷಗಳನ್ನು ಕಳೆದು, ನೇರವಾಗಿ ವೈಜ್ಞಾನಿಕ ಬಳಕೆಗೆ ಒದಗುವಂತೆ ಮಾಡಿದ್ದು ಅದರ ನಂತರದ್ದು. ಹೊಸಬರು ಈ ಕೊನೆಯ ರೂಪದಿಂದ ಆರಂಭಿಸುವುದು ಕ್ಷೇಮ.

ಒಂದು ವರ್ಷದ ಬೀಗ

ಇಷ್ಟಾದರೂ ದತ್ತಾಂಶ ಬಂದ ದಿನವೇ ಎಲ್ಲರಿಗೂ ಸಿಗುವುದಿಲ್ಲ. ಆಸ್ಟ್ರೋಸ್ಯಾಟ್‌ನಲ್ಲಿ ವೀಕ್ಷಣೆಗೆ ಸಮಯ ಬೇಕೆಂದು ವಿಜ್ಞಾನಿಗಳು ಪ್ರಸ್ತಾವನೆ ಸಲ್ಲಿಸುತ್ತಾರೆ. ತಜ್ಞರ ಸಮಿತಿ ಪರಿಶೀಲಿಸಿ ಸಮಯ ಹಂಚುತ್ತದೆ. ಹೀಗೆ ಪಡೆದ ದತ್ತಾಂಶ ಸಾಮಾನ್ಯವಾಗಿ ಒಂದು ವರ್ಷ ಕಾಲ ಪ್ರಸ್ತಾವನೆ ಸಲ್ಲಿಸಿದವರ ಬಳಕೆಗೆ ಮಾತ್ರ ಮೀಸಲು. ಆ ಬಳಿಕ ಸಾರ್ವಜನಿಕ ಭಂಡಾರಕ್ಕೆ ಸೇರುತ್ತದೆ. ಪುಣೆ ಬಳಿಯ ಖೋಡದ್‌ನಲ್ಲಿರುವ ಬೃಹತ್ ರೇಡಿಯೋ ದೂರದರ್ಶಕ ಸಮೂಹದಲ್ಲಿ ಈ ಅವಧಿ 18 ತಿಂಗಳು.

ಈ ಬೀಗದ ಬಗ್ಗೆ ವಿಜ್ಞಾನ ವಲಯದಲ್ಲಿ ಹಳೆಯ ಚರ್ಚೆಯೊಂದಿದೆ. ವರ್ಷಗಟ್ಟಲೆ ದುಡಿದು ಉಪಕರಣ ಕಟ್ಟಿದವರು, ತಲೆ ಕೆಡಿಸಿಕೊಂಡು ಪ್ರಸ್ತಾವನೆ ಬರೆದವರು ಒಂದಿಷ್ಟು ಕಾಲ ತಮ್ಮ ಶ್ರಮದ ಫಲ ಪಡೆಯುವುದು ನ್ಯಾಯ ಎಂಬುದು ಒಂದು ವಾದ. ಬೀಗವೇ ಇಲ್ಲದಿದ್ದರೆ ಹೆಚ್ಚು ಜನ, ಹೆಚ್ಚು ಗಣಕಶಕ್ತಿ ಇರುವ ದೊಡ್ಡ ಸಂಸ್ಥೆಗಳು ಮೊದಲು ಫಲಿತಾಂಶ ಪ್ರಕಟಿಸಿ, ಸಣ್ಣ ವಿಶ್ವವಿದ್ಯಾಲಯದ ಸಂಶೋಧನಾ ವಿದ್ಯಾರ್ಥಿ ಬರಿಗೈಯಲ್ಲಿ ಉಳಿಯುತ್ತಾನೆ ಎಂಬ ಆತಂಕವೂ ಸುಳ್ಳಲ್ಲ. ಉಪಗ್ರಹ ಹಾರಿದ್ದು ತೆರಿಗೆದಾರರ ಹಣದಿಂದ, ಆದ್ದರಿಂದ ದತ್ತಾಂಶ ಎಲ್ಲರದು, ಬೇಗ ತೆರೆದಷ್ಟೂ ವಿಜ್ಞಾನಕ್ಕೆ ಲಾಭ ಎಂಬುದು ಪ್ರತಿವಾದ. ಯುರೋಪಿನ ‘ಗಾಯಾ’ ಉಪಗ್ರಹದ ವಿಷಯದಲ್ಲಿ ಯಾರಿಗೂ ಮೀಸಲು ಅವಧಿ ಇರಲಿಲ್ಲ. 2022ರ ಜೂನ್‌ನಲ್ಲಿ ಬಿಡುಗಡೆಯಾದ ಅದರ ಮೂರನೇ ಪಟ್ಟಿಯಲ್ಲಿದ್ದ 180 ಕೋಟಿಗೂ ಹೆಚ್ಚು ನಕ್ಷತ್ರಗಳ ವಿವರ ಜಗತ್ತಿನ ಎಲ್ಲರಿಗೂ ಒಂದೇ ಗಳಿಗೆಯಲ್ಲಿ ದೊರೆಯಿತು.

ಭಾರತದಲ್ಲಿ ಬಾಗಿಲು ಹಂತಹಂತವಾಗಿ ತೆರೆದಿದೆ. ಮಂಗಳಯಾನದ ಮೊದಲ ವರ್ಷದ ದತ್ತಾಂಶ 2016ರ ಸೆಪ್ಟೆಂಬರ್‌ನಲ್ಲಿ, ನೌಕೆ ಮಂಗಳನ ಕಕ್ಷೆ ಸೇರಿ ಎರಡು ವರ್ಷ ತುಂಬಿದಾಗ ಬಿಡುಗಡೆಯಾಯಿತು. ಆಸ್ಟ್ರೋಸ್ಯಾಟ್‌ನ ಭಂಡಾರ 2018ರ ಸೆಪ್ಟೆಂಬರ್‌ನಲ್ಲಿ ಸಾರ್ವಜನಿಕರಿಗೆ ಮುಕ್ತವಾಯಿತು. ‘ಚಂದ್ರಯಾನ-2’ರ ಮೊದಲ ಕಂತು 2020ರ ಡಿಸೆಂಬರ್ 24ರಂದು, ‘ಚಂದ್ರಯಾನ-3’ರ ದತ್ತಾಂಶ 2024ರ ಆಗಸ್ಟ್ 23ರ ಮೊದಲ ರಾಷ್ಟ್ರೀಯ ಬಾಹ್ಯಾಕಾಶ ದಿನದಂದು, ಸೂರ್ಯನನ್ನು ನೋಡುತ್ತಿರುವ ಆದಿತ್ಯ-ಎಲ್1ರ ಮೊದಲ ಕಂತು 2025ರ ಜನವರಿ 6ರಂದು ಹೊರಬಂದವು. ಇವುಗಳ ವಿತರಣೆಗೆ ದತ್ತಾಂಶ ಕೇಂದ್ರ ರೂಪಿಸಿರುವ ಜಾಲತಾಣದ ಹೆಸರು ‘ಪ್ರದಾನ್’. ಹೆಸರು, ವಿಳಾಸ ಕೊಟ್ಟು ನೋಂದಾಯಿಸಿಕೊಂಡರೆ ಸಾಕು.

ನೌಕೆ ಸತ್ತ ಮೇಲೂ ಸಿಕ್ಕ ಹಿಮ

ದತ್ತಾಂಶವನ್ನು ಜೋಪಾನ ಮಾಡಿ ಹಂಚುವುದರಿಂದ ಏನಾಗುತ್ತದೆ ಎಂಬುದಕ್ಕೆ ಚಂದ್ರಯಾನ-1ಕ್ಕಿಂತ ಉತ್ತಮ ನಿದರ್ಶನ ಬೇಕಿಲ್ಲ. ಎರಡು ವರ್ಷ ಕೆಲಸ ಮಾಡಬೇಕಿದ್ದ ಆ ನೌಕೆ 2009ರ ಆಗಸ್ಟ್ 29ರಂದು ಸಂಪರ್ಕ ಕಳೆದುಕೊಂಡಿತು. ಮುಂದಿನ ತಿಂಗಳು, ಅದರಲ್ಲಿದ್ದ ನಾಸಾದ ಖನಿಜ ನಕ್ಷೆ ಉಪಕರಣದ ದತ್ತಾಂಶದಿಂದ ಚಂದ್ರನ ಮೇಲ್ಮೈಯಲ್ಲಿ ನೀರಿನ ಅಂಶಗಳ ಕುರುಹು ಸಿಕ್ಕಿದ ಸುದ್ದಿ ಜಗತ್ತಿಗೆ ತಿಳಿಯಿತು. ಇದು ಹಲವರಿಗೆ ನೆನಪಿರುವ ಕಥೆ.

ಕಥೆ ಅಲ್ಲಿಗೆ ಮುಗಿಯಲಿಲ್ಲ. ಉಪಕರಣದ ಕಡತಗಳು ಸಾರ್ವಜನಿಕ ಭಂಡಾರದಲ್ಲಿ ಉಳಿದವು. ಒಂಬತ್ತು ವರ್ಷಗಳ ಬಳಿಕ, 2018ರ ಆಗಸ್ಟ್‌ನಲ್ಲಿ, ಹವಾಯಿ ವಿಶ್ವವಿದ್ಯಾಲಯದ ಶುವಾಯಿ ಲಿ ಮತ್ತು ಸಂಗಡಿಗರು ಅದೇ ಹಳೆಯ ದತ್ತಾಂಶವನ್ನು ಹೊಸ ಪ್ರಶ್ನೆಯೊಂದಿಗೆ ಜಾಲಾಡಿದ ಫಲಿತಾಂಶ ಪ್ರಕಟಿಸಿದರು. ಚಂದ್ರನ ಧ್ರುವಗಳಲ್ಲಿ ಎಂದೂ ಬಿಸಿಲು ಬೀಳದ ಕುಳಿಗಳಿವೆ. ಪಕ್ಕದ ದಿಬ್ಬಗಳಿಂದ ಚದುರಿ ಬಂದ ಕ್ಷೀಣ ಬೆಳಕಿನಲ್ಲೇ ಆ ಕುಳಿಗಳೊಳಗೆ ಹಿಮದ ಗುರುತುಗಳನ್ನು ಅವರು ಪತ್ತೆಹಚ್ಚಿದರು. ಮೇಲ್ಮೈಯಲ್ಲೇ ಹಿಮವಿದೆ ಎಂಬುದಕ್ಕೆ ಅದು ನೇರ ಸಾಕ್ಷ್ಯ. ಒಂಬತ್ತು ವರ್ಷಗಳಿಂದ ಮೌನವಾಗಿದ್ದ ನೌಕೆ ಹೊಸ ಸಂಗತಿಯನ್ನು ಹೇಳಿತು. ಕಡತಗಳು ಯಾರದೋ ಕಪಾಟಿನಲ್ಲಿ ಉಳಿದಿದ್ದರೆ ಅಥವಾ ಓದಲಾಗದ ಮಾದರಿಯಲ್ಲಿ ಇದ್ದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಎರಡನೆಯ ನಿದರ್ಶನ ಇನ್ನೂ ಸ್ವಾರಸ್ಯಕರ. 2019ರ ಸೆಪ್ಟೆಂಬರ್ 7ರ ನಸುಕಿನಲ್ಲಿ ಚಂದ್ರಯಾನ-2ರ ವಿಕ್ರಂ ನೌಕೆ ಇಳಿಯುವ ಕೊನೆಯ ಕ್ಷಣದಲ್ಲಿ ಸಂಪರ್ಕ ತಪ್ಪಿ ಅಪ್ಪಳಿಸಿತು. ಅದು ಬಿದ್ದ ಜಾಗವನ್ನು ಕಕ್ಷಾನೌಕೆ ಗುರುತಿಸಿದೆ ಎಂದು ಮೂರು ದಿನಗಳಲ್ಲೇ ಇಸ್ರೋ ತಿಳಿಸಿತಾದರೂ ಆ ಚಿತ್ರ ಆಗ ಜನರ ಕೈಗೆ ಬರಲಿಲ್ಲ. ಇತ್ತ ನಾಸಾ ತನ್ನ ಚಂದ್ರ ಕಕ್ಷಾನೌಕೆ ಸೆಪ್ಟೆಂಬರ್ 17ರಂದು ತೆಗೆದ ಚಿತ್ರವನ್ನು ಸೆಪ್ಟೆಂಬರ್ 26ರಂದು ಎಲ್ಲರಿಗೂ ಬಿಡುಗಡೆ ಮಾಡಿತು. ಚೆನ್ನೈನ ಎಂಜಿನಿಯರ್ ಷಣ್ಮುಗ ಸುಬ್ರಮಣಿಯನ್ ಅದನ್ನು ಇಳಿಸಿಕೊಂಡು, ಅದೇ ಜಾಗದ ಹಳೆಯ ಚಿತ್ರಗಳೊಂದಿಗೆ ಚುಕ್ಕೆಚುಕ್ಕೆ ಹೋಲಿಸಿದರು. ಹೊಸದಾಗಿ ಕಾಣಿಸಿಕೊಂಡ ಒಂದು ಬಿಳಿ ಚುಕ್ಕೆಯನ್ನು ನಾಸಾದ ಗಮನಕ್ಕೆ ತಂದರು. ತಜ್ಞರು ಮತ್ತೆ ಮತ್ತೆ ಚಿತ್ರ ತೆಗೆದು ಪರಿಶೀಲಿಸಿ, ಅದು ವಿಕ್ರಂನ ಅವಶೇಷವೇ ಎಂದು ಡಿಸೆಂಬರ್‌ನಲ್ಲಿ ದೃಢಪಡಿಸಿ, ಅವರಿಗೆ ಶ್ರೇಯ ನೀಡಿದರು. ಷಣ್ಮುಗ ಅವರು ಖಗೋಳ ವಿಜ್ಞಾನಿಯಲ್ಲ. ಅವರ ಬಳಿ ದೂರದರ್ಶಕವೂ ಇರಲಿಲ್ಲ. ಇದ್ದದ್ದು ಮನೆಯ ಗಣಕ, ಅಂತರ್ಜಾಲ ಸಂಪರ್ಕ ಮತ್ತು ತಾಳ್ಮೆ.

ಇಸ್ರೋದ ಕಕ್ಷಾನೌಕೆಯಲ್ಲೇ ಸುಮಾರು 25 ಸೆಂಟಿಮೀಟರ್‌ವರೆಗಿನ ಸೂಕ್ಷ್ಮ ವಿವರ ತೋರಬಲ್ಲ ಕ್ಯಾಮೆರಾ ಇದೆ. ಭಾರತದ ನೌಕೆಯನ್ನು ಹುಡುಕಲು ಭಾರತದ ಎಂಜಿನಿಯರ್ ಅಮೆರಿಕದ ಚಿತ್ರವನ್ನು ನೆಚ್ಚಬೇಕಾಯಿತು ಎಂಬುದು ಆಗ ಹಲವರನ್ನು ಕಾಡಿದ ಪ್ರಶ್ನೆ. ಈಗ ಆ ಕ್ಯಾಮೆರಾದ ಚಿತ್ರಗಳೂ ಪ್ರದಾನ್ ಜಾಲತಾಣದಲ್ಲಿವೆ ಎಂಬುದು ಸಮಾಧಾನದ ಸಂಗತಿ.

ಗಾಜಿನ ಫಲಕದಲ್ಲಿದ್ದ ಸೂರ್ಯ

ಹಂಚಬೇಕಾದದ್ದು ಹೊಸ ಉಪಗ್ರಹಗಳ ದತ್ತಾಂಶ ಮಾತ್ರವಲ್ಲ. ಬೆಂಗಳೂರಿನ ಕೋರಮಂಗಲದಲ್ಲಿ ಕೇಂದ್ರ ಕಚೇರಿ ಹೊಂದಿರುವ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯ ಅಧೀನದಲ್ಲಿ ಕೊಡೈಕನಾಲ್ ಸೌರ ವೀಕ್ಷಣಾಲಯವಿದೆ. 1899ರಲ್ಲಿ ಸ್ಥಾಪನೆಯಾದ ಇಲ್ಲಿ 20ನೇ ಶತಮಾನದ ಆರಂಭದಿಂದಲೂ, ಮೋಡವಿಲ್ಲದ ದಿನಗಳಲ್ಲೆಲ್ಲ ಸೂರ್ಯನ ಛಾಯಾಚಿತ್ರ ತೆಗೆಯುತ್ತ ಬರಲಾಗಿದೆ. 1909ರಲ್ಲಿ ಜಾನ್ ಎವರ್‌ಶೆಡ್ ಸೌರಕಲೆಗಳಲ್ಲಿ ಅನಿಲ ಹೊರಮುಖವಾಗಿ ಹರಿಯುವುದನ್ನು ಕಂಡುಹಿಡಿದದ್ದು ಇಲ್ಲಿಯೇ.

ಈ ಚಿತ್ರಗಳು ಇದ್ದದ್ದು ಗಾಜಿನ ಫಲಕ ಮತ್ತು ಫಿಲ್ಮುಗಳ ಮೇಲೆ. ಅವುಗಳನ್ನು ನೋಡಬೇಕೆಂದರೆ ಅಲ್ಲಿಗೇ ಹೋಗಬೇಕಿತ್ತು. ಕಾಲ ಕಳೆದಂತೆ ಫಲಕ ಒಡೆಯಬಹುದು, ಬೂಷ್ಟು ಹಿಡಿಯಬಹುದು. ಸಂಸ್ಥೆ ಇವನ್ನು ಒಂದೊಂದಾಗಿ ಅಂಕೀಕರಿಸಿ ಜಾಲತಾಣದಲ್ಲಿ ಇರಿಸಿದೆ. ಸೂರ್ಯನ ಚಟುವಟಿಕೆ ಸುಮಾರು 11 ವರ್ಷಕ್ಕೊಮ್ಮೆ ಏರಿಳಿಯುತ್ತದೆ. ಇಂಥ ಚಕ್ರಗಳ ಸ್ವಭಾವ ತಿಳಿಯಲು ಒಂದೆರಡು ಚಕ್ರಗಳ ದಾಖಲೆ ಸಾಲದು, ಶತಮಾನದ ದಾಖಲೆ ಬೇಕು. ಒಂದೇ ಸ್ಥಳದಿಂದ ಇಷ್ಟು ದೀರ್ಘಕಾಲ ತೆಗೆದ ಸೌರಚಿತ್ರಗಳು ಜಗತ್ತಿನಲ್ಲೇ ವಿರಳ. ಇದೇ ಸಂಸ್ಥೆ ಹೊಸಕೋಟೆಯಲ್ಲಿ ನಿರ್ಮಿಸಿದ ಉಪಕರಣ ಆದಿತ್ಯ-ಎಲ್1ರಲ್ಲಿದ್ದು, ದಿನಕ್ಕೆ 1,440 ಚಿತ್ರ ಕಳುಹಿಸುವಂತೆ ಅದನ್ನು ರೂಪಿಸಲಾಗಿದೆ. ಅಜ್ಜನ ಕಾಲದ ಗಾಜಿನ ಫಲಕವೂ 15 ಲಕ್ಷ ಕಿಲೋಮೀಟರ್ ದೂರದಿಂದ ಬರುವ ಇಂದಿನ ಚಿತ್ರವೂ ಈಗ ಒಂದೇ ಪರದೆಯ ಮೇಲೆ ತೆರೆದುಕೊಳ್ಳುತ್ತವೆ.

ಹೊಸಕೋಟೆಯಿಂದ ಇನ್ನೊಂದು ಕೆಲಸವೂ ನಡೆಯುತ್ತದೆ. ಲಡಾಖ್‌ನ ಹಾನ್ಲೆಯಲ್ಲಿ, ಸುಮಾರು 4,500 ಮೀಟರ್ ಎತ್ತರದಲ್ಲಿರುವ ಎರಡು ಮೀಟರ್ ವ್ಯಾಸದ ಹಿಮಾಲಯನ್ ಚಂದ್ರ ದೂರದರ್ಶಕವನ್ನು ಉಪಗ್ರಹ ಸಂಪರ್ಕದ ಮೂಲಕ ಇಲ್ಲಿಂದಲೇ ತಿರುಗಿಸಲಾಗುತ್ತದೆ. ವಿಜ್ಞಾನಿ ಹೊಸಕೋಟೆಯಲ್ಲಿ ಕುಳಿತು ಹಿಮಾಲಯದ ಆಕಾಶ ನೋಡುತ್ತಾನೆ. ಅಬ್ಬಿಗೆರೆಯಿಂದ ಉತ್ತರಕ್ಕೆ ದೊಡ್ಡಬಳ್ಳಾಪುರ ದಾಟಿ ಹೋದರೆ ಸಿಗುವ ಗೌರಿಬಿದನೂರಿನಲ್ಲಿ, ಇದೇ ಸಂಸ್ಥೆ ಮತ್ತು ಸದಾಶಿವನಗರದ ರಾಮನ್ ಸಂಶೋಧನಾ ಸಂಸ್ಥೆ ಸೇರಿ 1976ರಲ್ಲಿ ಕಟ್ಟಿದ ರೇಡಿಯೋ ದೂರದರ್ಶಕವಿದೆ. ಅಲ್ಲಿ ನಡೆದ ವೀಕ್ಷಣೆಯಿಂದ ಕೆ.ಎಸ್. ದ್ವಾರಕನಾಥ್ ಮತ್ತು ಎನ್. ಉದಯಶಂಕರ್ 34.5 ಮೆಗಾಹರ್ಟ್ಸ್ ಆವರ್ತಾಂಕದಲ್ಲಿ ಆಕಾಶದ ನಕ್ಷೆ ರಚಿಸಿ 1990ರಲ್ಲಿ ಪ್ರಕಟಿಸಿದರು. ಪ್ರಕಟವಾದದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯ ನಿಯತಕಾಲಿಕದಲ್ಲಿ. ಆ ಪತ್ರಿಕೆಯ ಹಳೆಯ ಸಂಚಿಕೆಗಳನ್ನು ಈಗ ಯಾರು ಬೇಕಾದರೂ ಅಂತರ್ಜಾಲದಲ್ಲಿ ಓದಬಹುದು.

ಜಗತ್ತನ್ನು ಜೋಡಿಸಿದ ಜಾಲ

ಒಂದೊಂದು ದೂರದರ್ಶಕಕ್ಕೆ ಒಂದೊಂದು ಭಂಡಾರ ಇದ್ದರೆ ಹುಡುಕುವುದೇ ಒಂದು ಕೆಲಸವಾಗುತ್ತದೆ. ಒಂದೇ ಪ್ರಶ್ನೆಗೆ ಎಲ್ಲ ಭಂಡಾರಗಳೂ ಉತ್ತರಿಸುವಂತಿರಬೇಕು ಎಂಬ ಚಿಂತನೆಯಿಂದ 2002ರಲ್ಲಿ ಅಂತಾರಾಷ್ಟ್ರೀಯ ‘ವರ್ಚುವಲ್ ಅಬ್ಸರ್ವೇಟರಿ’ ಒಕ್ಕೂಟ ರೂಪುಗೊಂಡಿತು. ಭಾರತದಿಂದ ಪುಣೆಯ ಅಯೂಕಾ ಸಂಸ್ಥೆ, ಅದೇ ಊರಿನ ತಂತ್ರಾಂಶ ಕಂಪನಿಯೊಂದರ ಜೊತೆಗೂಡಿ, ಆರಂಭದಲ್ಲೇ ಇದರಲ್ಲಿ ಪಾಲ್ಗೊಂಡಿತು. ಇದರ ಫಲವಾಗಿ ಇಂದು ಆಕಾಶದ ಒಂದು ಬಿಂದುವನ್ನು ಸೂಚಿಸಿ, ಅಲ್ಲಿ ಕ್ಷ-ಕಿರಣದಲ್ಲಿ ಏನು ಕಂಡಿದೆ, ರೇಡಿಯೋದಲ್ಲಿ ಏನು ಕೇಳಿದೆ ಎಂಬುದನ್ನು ಒಟ್ಟಿಗೆ ತರಿಸಿಕೊಳ್ಳಬಹುದು.

ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ 1972ರಲ್ಲಿ ಆರಂಭವಾದ ದತ್ತಾಂಶ ಕೇಂದ್ರ ಈ ಜಾಲದ ಪ್ರಮುಖ ಕೊಂಡಿ. ಅದರ ‘ಸಿಂಬಾಡ್’ ಆಕಾಶಕಾಯಗಳ ವಿಳಾಸ ಪುಸ್ತಕವಿದ್ದಂತೆ, ‘ವಿಜಿಯರ್’ ಪಟ್ಟಿಗಳ ಗ್ರಂಥಾಲಯ, ‘ಅಲಾದಿನ್’ ಆಕಾಶದ ನಕಾಶೆ. ಸಂಶೋಧನಾ ಲೇಖನಗಳ ಹುಡುಕಾಟಕ್ಕೆ ನಾಸಾದ ನೆರವಿನಿಂದ ನಡೆಯುವ ‘ಎಡಿಎಸ್’, ಲೇಖನಗಳ ಉಚಿತ ಪ್ರತಿಗೆ 1991ರಲ್ಲಿ ಆರಂಭವಾದ ‘ಆರ್ಕೈವ್’ ಇವೆ. ಒಂದು ನಕ್ಷತ್ರದ ಹೆಸರು ಕೊಟ್ಟರೆ ಅದರ ಮೇಲೆ ಬಂದ ಲೇಖನಗಳು, ಲೇಖನದಿಂದ ಅದರಲ್ಲಿ ಬಳಸಿದ ದತ್ತಾಂಶ, ದತ್ತಾಂಶದಿಂದ ಮತ್ತೆ ಆಕಾಶದ ಚಿತ್ರ, ಹೀಗೆ ಒಂದರಿಂದ ಇನ್ನೊಂದಕ್ಕೆ ದಾಟಬಹುದು.

ಜನಸಾಮಾನ್ಯರೂ ಇದರಲ್ಲಿ ಪಾಲುದಾರರಾಗಬಹುದೆಂದು ತೋರಿಸಿದ್ದು 2007ರ ಜುಲೈನಲ್ಲಿ ಆರಂಭವಾದ ‘ಗ್ಯಾಲಕ್ಸಿ ಝೂ’. ಅಮೆರಿಕದ ಸ್ಲೋನ್ ಸಮೀಕ್ಷೆ ಸೆರೆಹಿಡಿದ ಲಕ್ಷಾಂತರ ಗೆಲಾಕ್ಸಿಗಳನ್ನು ಆಕಾರದ ಪ್ರಕಾರ ವಿಂಗಡಿಸಲು ಅದು ಜನರ ನೆರವು ಕೇಳಿತು. ಅದೇ ವರ್ಷ ನೆದರ್‌ಲೆಂಡ್ಸ್‌ನ ಶಾಲಾ ಶಿಕ್ಷಕಿ ಹ್ಯಾನಿ ವ್ಯಾನ್ ಆರ್ಕೆಲ್ ಒಂದು ಗೆಲಾಕ್ಸಿಯ ಕೆಳಗೆ ವಿಚಿತ್ರ ಮಚ್ಚೆಯೊಂದನ್ನು ಗಮನಿಸಿ ಇದೇನೆಂದು ಕೇಳಿದರು. ತಜ್ಞರಿಗೂ ಗೊತ್ತಿರಲಿಲ್ಲ. ಅದೊಂದು ಹೊಸ ಬಗೆಯ ಹೊಳೆಯುವ ಅನಿಲರಾಶಿ ಎಂದು ಬಳಿಕ ತಿಳಿಯಿತು. ಈಗ ಅದು ಅವರ ಹೆಸರಿನಲ್ಲೇ ಇದೆ.

ನಮ್ಮ ಆಸ್ಟ್ರೋಸ್ಯಾಟ್‌ನ ಪ್ರಮುಖ ಶೋಧವೊಂದು ಕೂಡ ಭಂಡಾರಗಳ ಬೆಲೆಯನ್ನು ಹೇಳುತ್ತದೆ. 2016ರ ಅಕ್ಟೋಬರ್‌ನಲ್ಲಿ ಅದರ ನೇರಳಾತೀತ ದೂರದರ್ಶಕ, ಹಬಲ್ ಹಿಂದೆ ಆಳವಾಗಿ ನೋಡಿದ್ದ ಆಕಾಶದ ತುಣುಕನ್ನೇ 28 ಗಂಟೆಗಳಿಗೂ ಹೆಚ್ಚು ಕಾಲ ದಿಟ್ಟಿಸಿತು. ಅಯೂಕಾದ ಕನಕ್ ಸಾಹಾ ನೇತೃತ್ವದ ತಂಡ ಅದರಲ್ಲಿ 930 ಕೋಟಿ ಜ್ಯೋತಿರ್ವರ್ಷ ದೂರದ ಗೆಲಾಕ್ಸಿಯಿಂದ ಬಂದ ತೀವ್ರ ನೇರಳಾತೀತ ಬೆಳಕನ್ನು ಗುರುತಿಸಿತು. ಫಲಿತಾಂಶ ಪ್ರಕಟವಾದದ್ದು 2020ರ ಆಗಸ್ಟ್‌ನಲ್ಲಿ. ವೀಕ್ಷಣೆಗೆ 28 ಗಂಟೆ, ಅದು ಹೇಳಿದ್ದನ್ನು ಖಚಿತಪಡಿಸಿಕೊಳ್ಳಲು ವರ್ಷಗಳು. ಆ ದೂರದರ್ಶಕದ ಎರಡು ನೇರಳಾತೀತ ವಿಭಾಗಗಳಲ್ಲಿ ಒಂದು 2018ರಲ್ಲಿ ಕೆಲಸ ನಿಲ್ಲಿಸಿತು. ಅದು ಕಂಡಿದ್ದನ್ನು ಇನ್ನು ಮತ್ತೆ ನೋಡಬೇಕೆಂದರೆ ಬ್ಯಾಲಾಳುವಿನ ಕಡತಗಳೇ ಗತಿ.

ಅಡ್ಡಿಗಳು ಯಾವುವು?

ಬಾಗಿಲು ತೆರೆದ ಮಾತ್ರಕ್ಕೆ ಎಲ್ಲರೂ ಒಳಗೆ ಬರಲಾಗುವುದಿಲ್ಲ. ಮೊದಲ ಅಡ್ಡಿ ಗಾತ್ರ. ಅಮೆರಿಕದ ನೆರವಿನಿಂದ ಚಿಲಿ ದೇಶದಲ್ಲಿ ನಿರ್ಮಾಣವಾಗಿ, 2025ರ ಜೂನ್‌ನಲ್ಲಿ ಮೊದಲ ಚಿತ್ರ ನೀಡಿದ ವೆರಾ ರೂಬಿನ್ ವೀಕ್ಷಣಾಲಯವು ರಾತ್ರಿಯೊಂದಕ್ಕೆ ಸುಮಾರು 20 ಟೆರಾಬೈಟ್ ದತ್ತಾಂಶ ಉತ್ಪಾದಿಸುವಂತೆ ರೂಪುಗೊಂಡಿದೆ. ಇದನ್ನು ಮನೆಗೆ ಇಳಿಸಿಕೊಳ್ಳುವ ಮಾತೇ ಇಲ್ಲ. ದತ್ತಾಂಶ ಇದ್ದಲ್ಲಿಗೇ ನಮ್ಮ ಪ್ರಶ್ನೆಯನ್ನು ಕಳುಹಿಸಿ ಉತ್ತರವನ್ನಷ್ಟೇ ತರಿಸಿಕೊಳ್ಳುವ ವ್ಯವಸ್ಥೆ ಹೀಗಾಗಿ ಬೆಳೆಯುತ್ತಿದೆ.

ಎರಡನೆಯದು ಕೌಶಲ. ಪದವಿ ತರಗತಿಯ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಲೋಲಕ, ಪ್ರಿಸಂಗಳಿಗೆ ಇರುವ ಸ್ಥಾನ ದತ್ತಾಂಶ ವಿಶ್ಲೇಷಣೆಗೆ ಇನ್ನೂ ದೊರೆತಿಲ್ಲ. ಕಡತ ಸಿಕ್ಕರೂ ಅದನ್ನು ತೆರೆಯುವುದು ಹೇಗೆಂದು ಹೇಳಿಕೊಡುವವರು ಬೇಕು. ಮೂರನೆಯದು ಭಾಷೆ. ಕೈಪಿಡಿಗಳೆಲ್ಲ ಇಂಗ್ಲಿಷಿನಲ್ಲಿವೆ, ಅದೂ ಪರಿಣತರಿಗಾಗಿ ಬರೆದ ಇಂಗ್ಲಿಷು. ಕನ್ನಡ ಮಾಧ್ಯಮದಿಂದ ಬಂದ ವಿದ್ಯಾರ್ಥಿಗೆ ಗಣಿತಕ್ಕಿಂತ ಇದೇ ದೊಡ್ಡ ಗೋಡೆ. ಹತ್ತು ಪುಟದ ಕನ್ನಡ ಕೈಪಿಡಿಯೊಂದನ್ನು ಸಿದ್ಧಪಡಿಸುವುದು ವಿಶ್ವವಿದ್ಯಾಲಯಗಳಿಗೆ ಕಷ್ಟದ ಕೆಲಸವಲ್ಲ.

ನಾಲ್ಕನೆಯದು ತಪ್ಪು ತಿಳಿವಳಿಕೆಯ ಅಪಾಯ. ಹಸಿ ಚಿತ್ರದಲ್ಲಿ ಕಾಣುವ ಪ್ರತಿ ಬಿಳಿ ಚುಕ್ಕೆಯೂ ನಕ್ಷತ್ರವಲ್ಲ. ವಿಶ್ವಕಿರಣವೊಂದು ಸಂವೇದಕಕ್ಕೆ ಬಡಿದರೂ ಹಾಗೆಯೇ ಕಾಣುತ್ತದೆ. 1976ರಲ್ಲಿ ‘ವೈಕಿಂಗ್’ ನೌಕೆ ತೆಗೆದ ಮಂಗಳನ ಚಿತ್ರವೊಂದರಲ್ಲಿ ಮನುಷ್ಯನ ಮುಖ ಕಂಡಿತೆಂದು ಜಗತ್ತು ವರ್ಷಗಟ್ಟಲೆ ಮಾತಾಡಿತು. 1998 ಮತ್ತು 2001ರಲ್ಲಿ ಬೇರೊಂದು ನೌಕೆ ತೆಗೆದ ಸ್ಪಷ್ಟ ಚಿತ್ರಗಳಲ್ಲಿ ಅದು ಸಾಮಾನ್ಯ ದಿಬ್ಬವಾಗಿ ಕಂಡಿತು. ಒಂದೇ ಚಿತ್ರ ನೋಡಿ ತೀರ್ಮಾನಕ್ಕೆ ಬರಬಾರದು, ಬೇರೆ ದಿನದ, ಬೇರೆ ಉಪಕರಣದ ಚಿತ್ರದೊಂದಿಗೆ ಹೋಲಿಸಬೇಕು ಎಂಬ ಪಾಠ ಇದರಲ್ಲಿದೆ. ಷಣ್ಮುಗ ಅವರು ಮಾಡಿದ್ದೂ ಅದನ್ನೇ.

ಆರಂಭ ಎಲ್ಲಿಂದ?

ಆಸಕ್ತರು ಮೊದಲು ‘ಅಲಾದಿನ್ ಲೈಟ್’ ತೆರೆಯಬಹುದು. ಇದಕ್ಕೆ ಯಾವ ತಂತ್ರಾಂಶವನ್ನೂ ಅಳವಡಿಸಬೇಕಿಲ್ಲ. ಹುಡುಕು ಪೆಟ್ಟಿಗೆಯಲ್ಲಿ ದೇವಯಾನಿ ಗೆಲಾಕ್ಸಿಯ ಸಂಖ್ಯೆಯಾದ ‘ಎಂ31’ ಎಂದು ಕೊಟ್ಟು, ಬೇರೆ ಬೇರೆ ಬಗೆಯ ಬೆಳಕಿನಲ್ಲಿ ಅದೇ ಗೆಲಾಕ್ಸಿ ಹೇಗೆ ಬದಲಾಗುತ್ತದೆ ನೋಡಿ. ಮುಂದೆ ‘ಡಿಎಸ್9’ ಎಂಬ ಉಚಿತ ತಂತ್ರಾಂಶ ಇಳಿಸಿಕೊಂಡು ಫಿಟ್ಸ್ ಕಡತವೊಂದನ್ನು ತೆರೆದು, ಅದರ ತಲೆಬರಹ ಓದಿ. ಒಂದು ಚುಕ್ಕೆಯ ಮೇಲೆ ಬಾಣ ಇಟ್ಟರೆ ಅಲ್ಲಿನ ಅಂಕಿ ಕಾಣುತ್ತದೆ. ಚಿತ್ರವೆಂದರೆ ಅಂಕಿ ಎಂಬ ಮಾತು ಆಗ ಮನಸ್ಸಿಗೆ ಹಿಡಿಯುತ್ತದೆ.

ಮೂರನೇ ಹೆಜ್ಜೆಯಾಗಿ ಪ್ರದಾನ್‌ನಲ್ಲಿ ನೋಂದಾಯಿಸಿ, ಚಂದ್ರಯಾನ-2ರ ಚಿತ್ರವೊಂದನ್ನು ತರಿಸಿಕೊಳ್ಳಬಹುದು. ಆಸ್ಟ್ರೋಸ್ಯಾಟ್ ಬಳಸುವವರಿಗೆ ನೆರವಾಗಲು ಅಯೂಕಾದಲ್ಲಿ ವಿಜ್ಞಾನ ಸಹಾಯ ಕೇಂದ್ರವಿದ್ದು, ವಿಶ್ಲೇಷಣೆಗೆ ಬೇಕಾದ ತಂತ್ರಾಂಶದ ಮಾರ್ಗದರ್ಶನ ಅಲ್ಲಿ ದೊರೆಯುತ್ತದೆ. ಪೈಥಾನ್ ಬಲ್ಲವರಿಗೆ ‘ಆಸ್ಟ್ರೋಪೈ’ ಎಂಬ ಉಚಿತ ಸಾಧನವಿದೆ. ಫಲಿತಾಂಶ ಪ್ರಕಟಿಸುವಾಗ ದತ್ತಾಂಶ ಎಲ್ಲಿಂದ ಬಂದದ್ದೆಂದು ಹೇಳಿ ಕೃತಜ್ಞತೆ ಸಲ್ಲಿಸುವುದು ಈ ಲೋಕದ ಕಡ್ಡಾಯ ಶಿಷ್ಟಾಚಾರ.

ಇದೆಲ್ಲ ನಮಗೆ ಹೊರಗಿನಿಂದ ಬಂದ ಪದ್ಧತಿ ಎಂದು ಭಾವಿಸಬೇಕಿಲ್ಲ. ಗ್ರಹಣದ ದಿನ ದಾನ ಕೊಟ್ಟ ರಾಜರು, ಗಾವುಂಡರು ತಿಥಿ ವಾರಗಳ ಸಮೇತ ಅದನ್ನು ಕಲ್ಲಿನಲ್ಲಿ ಕೆತ್ತಿಸಿ ಊರ ನಡುವೆ ನಿಲ್ಲಿಸಿದ ನಾಡು ಇದು. ಜವಾಹರಲಾಲ್ ನೆಹರೂ ತಾರಾಲಯದ ನಿರ್ದೇಶಕಿಯಾಗಿದ್ದ ಡಾ. ಬಿ.ಎಸ್. ಶೈಲಜಾ ಮತ್ತು ಸಹೋದ್ಯೋಗಿಗಳು ಇಂಥ ಶಾಸನಗಳಿಂದ ಗ್ರಹಣ, ಸಂಕ್ರಾಂತಿ, ಗ್ರಹಯೋಗಗಳ ವಿವರಗಳನ್ನು ಹೆಕ್ಕಿ ಅಧ್ಯಯನ ಮಾಡಿದ್ದಾರೆ. ಕೆತ್ತಿಸಿದವನ ಉದ್ದೇಶ ದಾನದ ದಾಖಲೆಯಷ್ಟೇ ಆಗಿತ್ತು. ಅದು ಬಯಲಲ್ಲಿ, ಎಲ್ಲರ ಕಣ್ಣೆದುರು ಉಳಿದದ್ದರಿಂದ ನೂರಾರು ವರ್ಷಗಳ ಬಳಿಕ ಬೇರೆಯೇ ಪ್ರಶ್ನೆಗೆ ಉತ್ತರ ಕೊಟ್ಟಿತು.

ಅಬ್ಬಿಗೆರೆಯ ತಾರಸಿಯಿಂದ ನಕ್ಷತ್ರಗಳು ಮತ್ತೆ ಮೊದಲಿನಂತೆ ಕಾಣುವ ದಿನ ಸದ್ಯಕ್ಕೆ ಬರಲಾರದು. ಆದರೆ ಪಕ್ಕದ ಪೀಣ್ಯದಿಂದ ಆದೇಶ ಪಡೆಯುವ ಉಪಗ್ರಹಗಳು ಕಂಡದ್ದನ್ನೆಲ್ಲ ನೋಡುವ ಹಕ್ಕು ಅಲ್ಲಿನ ವಿದ್ಯಾರ್ಥಿಗೂ ಪುಣೆ, ಪ್ಯಾರಿಸ್‌ಗಳ ವಿಜ್ಞಾನಿಗೆ ಇರುವಷ್ಟೇ ಇದೆ. ಆ ಹಕ್ಕಿನ ವಿಷಯ ಅವರಿಗೆ ತಿಳಿಸುವುದು, ಬಳಸುವ ಬಗೆ ಕಲಿಸುವುದು ಇನ್ನು ನಮ್ಮ ಕಾಲೇಜುಗಳ ಕೆಲಸ.